ಸೆಕೆಂಡಿನ ಮುಳ್ಳು

ಏಳು ನಿಮಿಷಕ್ಕೊಮ್ಮೆ ಪರದೆಗಳ ಫೋಟೋ ಬರುತ್ತದೆ.
ಮೂವತ್ತೆಂಟು ಮಂದಿ, ಅವರವರ ಮನೆಯಿಂದ
ಆಸ್ಪತ್ರೆಗಳ ಬಿಲ್ಲು ಬರೆಯುವವರು.
ಹೆಸರಿಲ್ಲ, ನಂಬರು ಮಾತ್ರ.
ಲಗ್ಗೆರೆಯ ಬ್ಯಾಟರಿ ಅಂಗಡಿಯ ಮೇಲೆ,
ಎರಡನೇ ಮಹಡಿಯಲ್ಲಿ ಕೂತು ನೋಡುತ್ತೇನೆ:
ಹಸಿರು ಅಂದರೆ ದುಡಿಯುತ್ತಿದ್ದಾರೆ,
ಹಳದಿ ಅಂದರೆ ಯೋಚಿಸುತ್ತಿದ್ದಾರೆ,
ಕೆಂಪು ಅಂದರೆ ಸಂಬಳದಲ್ಲಿ ಹಿಡಿಯುತ್ತಾರೆ.

ಯಾರು ಸೀರೆ ಸೇಲು ನೋಡಿದರು, ಯಾರು ಕರೆಂಟು ಬಿಲ್ಲು ಕಟ್ಟಿದರು,
ಎಲ್ಲ ಬರೆದಿಡಬೇಕು.
ಬಿ-ಒಂಬತ್ತು ಮೂರು ದಿನದಿಂದ ಹುಡುಕುತ್ತಿದ್ದದ್ದು
'ಎದೆಯಲ್ಲಿ ಗಂಟು, ನೋವಿಲ್ಲ'.
ಖಾಸಗಿ ಬಳಕೆ, ಎರಡು ನಿಮಿಷ, ಎಂದು ಬರೆದೆ.
ಬರೆದು, ಎದ್ದುಹೋಗಿ ನೀರು ಕುಡಿದು ಬಂದೆ.
ಆ ನೀರಿಗೆ ನನ್ನ ಲೆಕ್ಕದಲ್ಲೂ ಹಳದಿ ಬಿದ್ದಿತ್ತು.

ಹೇಳಹೊರಟದ್ದು ಬಿ-ಹದಿನೇಳರ ವಿಷಯ.

ಹನ್ನೊಂದು ದಿನ, ಮಧ್ಯಾಹ್ನ ಎರಡರಿಂದ ನಾಲ್ಕು,
ಆ ಪರದೆಯ ಬಾಣ ನಿಮಿಷಕ್ಕೆ ಒಂದೇ ಸಲ
ಎಳ್ಳಷ್ಟು ಸರಿದು ನಿಲ್ಲುತ್ತಿತ್ತು,
ಮಲಗಿದ ನಾಯಿಯ ಕಿವಿಯ ಹಾಗೆ.
ಸಾಫ್ಟ್‌ವೇರಿಗೆ ಅಷ್ಟು ಸಾಕು. ಹಸಿರು.
ನನಗೆ ಸಾಲಲಿಲ್ಲ. ಮನುಷ್ಯರ ಕೈ
ಅಷ್ಟು ನಿಯತ್ತಾಗಿ ನಡುಗುವುದಿಲ್ಲ.

ಮೂರನೇ ಸಂಜೆ ಬಸ್ಸಿನಲ್ಲಿ ಹೊಳೆಯಿತು.
ಮೌಸಿನ ಹೊಟ್ಟೆಯಡಿ ಕೈಗಡಿಯಾರ ಇಟ್ಟಿದ್ದಾರೆ!
ಅದರ ಕೆಂಪು ಕಣ್ಣಿನಡಿ ಸೆಕೆಂಡಿನ ಮುಳ್ಳು ಹಾದಾಗಲೆಲ್ಲ
ಬಾಣಕ್ಕೆ ಜೀವ ಬರುತ್ತದೆ.
ಮುಳ್ಳನ್ನು ಮುಳ್ಳಿಂದಲೇ ತೆಗೆಯಬೇಕು ಅಂತಾರಲ್ಲ.

ನನಗಲ್ಲದೆ ಇನ್ನಾರಿಗೆ ಹೊಳೆಯಬೇಕು?
ಅಮ್ಮ ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯಲ್ಲಿ
ಇಪ್ಪತ್ತಾರು ವರ್ಷ ಚಿಮಟದಲ್ಲಿ ಮುಳ್ಳು ಹಿಡಿದು
ಡಯಲಿಗೆ ಕೂರಿಸಿದವಳು.
ಉಸಿರು ಬಿಟ್ಟರೆ ಹಾರಿಹೋಗುತ್ತಿತ್ತಂತೆ.
ಗಾಜಿನ ಕ್ಯಾಬಿನ್ನಿನಿಂದ ಸೂಪರ್‌ವೈಸರ್ ನೋಡುತ್ತಿದ್ದ,
ಆದರೆ ಅವನಿಗೊಂದು ಮುಖ ಇತ್ತು, ಬೋಳುತಲೆ ಇತ್ತು,
ಹೆಂಗಸರು 'ಡಯಲ್ಲು' ಎಂದೇ ಹೆಸರಿಟ್ಟಿದ್ದರು.
ಡಯಲ್ಲು ತೂಕಡಿಸಿದರೆ ಇಡೀ ಸಾಲಿಗೆ
ಡಬ್ಬಿಯಿಂದ ಕೋಡುಬಳೆ ಹೊರಡುತ್ತಿತ್ತು.
ನನಗೆ ಯಾರು ಅಡ್ಡಹೆಸರಿಡುತ್ತಾರೆ?

ದೂರು ಬರೆಯಬೇಕಿತ್ತು. ಬರೆಯಲಿಲ್ಲ.
ಒಳ್ಳೆಯತನ ಅನ್ನಬೇಡಿ; ಮೊದಲು ಸೋಮಾರಿತನ,
ಆಮೇಲೆ ಕುತೂಹಲ. ಎರಡರಿಂದ ನಾಲ್ಕು ಎಲ್ಲಿಗೆ?
ಮಲಗಲಿಕ್ಕಾ, ಮಗುವನ್ನು ಶಾಲೆಯಿಂದ ಕರೆತರಲಿಕ್ಕಾ,
ಇನ್ನೊಂದು ಕಂಪನಿಯ ಬಿಲ್ಲು ಬರೆಯಲಿಕ್ಕಾ,
ಸುಮ್ಮನೆ ತಾರಸಿ ಮೇಲೆ ನಿಂತುಕೊಳ್ಳಲಿಕ್ಕಾ?
ಆ ಹಸಿರಿನ ಹಿಂದೆ ಖಾಲಿ ಕುರ್ಚಿ ಇದೆಯೆಂದು
ಇಷ್ಟು ದೊಡ್ಡ ಊರಲ್ಲಿ ಇಬ್ಬರಿಗೇ ಗೊತ್ತಿತ್ತು,
ಇಬ್ಬರು ಎಂದು ಒಬ್ಬರಿಗೆ ಗೊತ್ತಿರಲಿಲ್ಲ.

ಹನ್ನೆರಡನೇ ದಿನ ಮೂರು ಇಪ್ಪತ್ತಕ್ಕೆ ಬಾಣ ನಿಂತಿತು.
ಹಳದಿ. ಕೆಂಪಾಗಲು ಇನ್ನು ನಾಲ್ಕು ನಿಮಿಷ.
ಹಳೇ ವಾಚು. ಬೆಳಿಗ್ಗೆ ತಿರುಪಲು ಮರೆತಿದ್ದಾರೆ.

'ದಯವಿಟ್ಟು ಕೆಲಸ ಮುಂದುವರಿಸಿ' ಎಂಬ ಸಿದ್ಧ ಸಾಲೊಂದಿದೆ,
ಕಳಿಸಿದರೆ ಅವರ ಕಡೆ ಗಂಟೆ ಹೊಡೆದು ಮೂಡುತ್ತದೆ.
ಅದನ್ನು ಅಳಿಸಿ ಬರೆದೆ:
ಕೀ ಕೊಡಿ.

ಹಿಂದೆ ನಿಂತಿದ್ದ ವರದೇಶ್ ಸರ್, ಕೀ ಅಂದರೇನಮ್ಮ, ಅಂದರು.
ಕೀಬೋರ್ಡು ಸರ್, ಅಂದೆ.

ಮೂರು ಇಪ್ಪತ್ತಮೂರಕ್ಕೆ ಬಾಣ ಎಳ್ಳಷ್ಟು ಸರಿಯಿತು.
ದೂರವೇನೂ ಹೋಗಿರಲಿಲ್ಲ ಹಾಗಾದರೆ,
ಗಂಟೆ ಕೇಳಿಸುವಷ್ಟು ಹತ್ತಿರವೇ ಇದ್ದರು.

ಮರುದಿನದಿಂದ ಎರಡರಿಂದ ನಾಲ್ಕರವರೆಗೆ
ಬಿ-ಹದಿನೇಳು ಬಿಡುವಿಲ್ಲದೆ ಟೈಪು ಮಾಡುತ್ತದೆ.
ಬಾಣ ಎಲ್ಲ ಕಡೆ ಓಡಾಡುತ್ತದೆ, ಕೈಯಿಂದಲೇ, ಅಂಜಿಕೊಂಡು.
ನೋಡುವವರಿದ್ದಾರೆಂದು ಹೇಳಿಕೊಟ್ಟದ್ದು ನಾನೇ.

ರಾತ್ರಿ ಅಮ್ಮನಿಗೆ ಎಲ್ಲ ಹೇಳಿದೆ.
ಅನ್ನಕ್ಕೆ ಸಾರು ಬಡಿಸುತ್ತ ಪೂರ್ತಿ ಕೇಳಿಸಿಕೊಂಡು
ಅವಳು ಕೇಳಿದ್ದು ಒಂದೇ:
ಯಾವ ಮಾಡೆಲ್ ಅಂತೆ?