ಮೊಳಕೆ ಪರೀಕ್ಷೆ

ರಾತ್ರಿ ಎರಡೂ ಮುಕ್ಕಾಲಿಗೆ ಯಂತ್ರ ಕೂಗಿತು.
ನಲವತ್ತೇಳನೇ ಗೂಡಿನಲ್ಲಿ ಹಳದಿ ದೀಪ.
ಬಾಟಲಿ ತೆಗೆದು ಚೀಟಿ ಓದಿದೆ:
ಮೈಮೂನರ ಮಗು, ಗಂಡು, ಹನ್ನೊಂದು ತಿಂಗಳು,
ಹೃದಯದ ಗೋಡೆಯ ತೂತು ಮುಚ್ಚಿ ಹದಿಮೂರನೇ ದಿನ.
ಹೆಸರಿಟ್ಟಿರುತ್ತಾರೆ. ಚೀಟಿಯಲ್ಲಿ ಅಷ್ಟು ಜಾಗ ಇರುವುದಿಲ್ಲ.

ಒಂದು ಹನಿ ಗಾಜಿನ ಮೇಲೆ ಹರಡಿ, ಒಣಗಿಸಿ,
ನೇರಳೆ ಬಣ್ಣ ಹೊಯ್ದು, ತೊಳೆದು, ಕಣ್ಣಿಟ್ಟೆ.
ಬ್ಯಾಕ್ಟೀರಿಯವೇ ಆಗಿರಲಿ ದೇವರೇ ಎಂದೆ.
ಎಂಥ ಹರಕೆ ನೋಡಿ,
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ
ಇಂಥದನ್ನೂ ಬೇಡಲು ಕಲಿತಿದ್ದೇನೆ.

ಕಂಡದ್ದು ಮೊಗ್ಗುಗಳು.
ದುಂಡನೆಯ ಒಂದು ಕೋಶ, ಅದರ ಪಕ್ಕೆಗೆ ಸಣ್ಣದೊಂದು,
ತಾಯ ಸೊಂಟ ಬಿಡಲೊಲ್ಲದ ಕೂಸಿನ ಹಾಗೆ.
ಅದು ಇಳಿದರೆ ಇನ್ನೊಂದು.

ಮೇಲಿನ ಐಸಿಯುಗೆ ಫೋನ್ ಮಾಡಿದೆ.
"ಪ್ರಫುಲ್ಲಾ, ಯೀಸ್ಟ್ ಉಂಟು."
ಆ ಕಡೆ ವೆಂಟಿಲೇಟರು ನಾಲ್ಕು ಸಲ ಉಸಿರಾಡಿತು.
"ಇನ್ನೊಮ್ಮೆ ಹೇಳಿ" ಎಂದಳು, ಬರೆದುಕೊಳ್ಳಲಿಕ್ಕೆ.
ಇನ್ನು ಕತ್ತಿನ ಲೈನು ಕೀಳುತ್ತಾರೆ. ಎಕೋ ಮಾಡುತ್ತಾರೆ,
ತೇಪೆಯ ಅಂಚಿಗೆ ಏನಾದರೂ ಅಂಟಿತಾ ಎಂದು.
ಬೆಳಿಗ್ಗೆ ಕಣ್ಣಿನ ಡಾಕ್ಟರು ಬಂದು
ಅಷ್ಟು ಸಣ್ಣ ಪಾಪೆಯೊಳಗೆ ಬೆಳಕು ಬಿಡುತ್ತಾರೆ.

ಮರುದಿನ ರಕ್ತ ತಂದವನು ಅಪ್ಪ.
ವಾರ್ಡ್ ಬಾಯ್ ಊಟಕ್ಕೆ ಹೋಗಿದ್ದನಂತೆ.
ಬೆಂಗ್ರೆಯಿಂದ ಫೆರಿ ದಾಟಿ ಬರುವವ, ಧಕ್ಕೆಯಲ್ಲಿ ಐಸು ಒಡೆಯುವವ,
ಎರಡು ಅಂಗೈ ನಡುವೆ ಬಾಟಲಿ ಹಿಡಿದಿದ್ದ,
ಕೋಳಿ ಈಗಷ್ಟೇ ಇಟ್ಟ ಮೊಟ್ಟೆ.
ಸೋಪು ಹಾಕಿ ಹಾಕಿ ಬೆಳ್ಳಗಾದ ಬೆರಳು,
ಮೊಣಕೈಯಲ್ಲಿ ಮರೆತುಹೋದ ಒಂದು ಮೀನಿನ ಹುರುಪೆ.

"ಫಂಗಸ್ ಅಂದ್ರೆ ಬೂಸು ಅಲ್ವಾ ಮೇಡಂ?
ನಮ್ಮ ಮನೆ ಗೋಡೆಗೆ ಉಂಟು. ತೊಟ್ಟಿಲ ಹತ್ರದ್ದೇ ಗೋಡೆ.
ನಿನ್ನೆ ಬ್ಲೀಚಿಂಗ್ ಹಾಕಿ ತಿಕ್ಕಿದೆ. ಪೂರ್ತಿ.
ಅವಳಿಗೆ ಹೇಳ್ಲಿಲ್ಲ."

ಫಲಿತಾಂಶ ಹೇಳುವುದು ನನ್ನ ಕೆಲಸವಲ್ಲ,
ನಿಯಮವನ್ನು ಲ್ಯಾಮಿನೇಟ್ ಮಾಡಿ ಅಂಟಿಸಿದ್ದಾರೆ.
ಆದರೂ ಹೇಳಿದೆ. ನಿಮ್ಮ ಗೋಡೆಯದಲ್ಲ.
ನನ್ನ ಬಾಯಲ್ಲಿ, ನಿಮ್ಮ ಹೊಟ್ಟೆಯಲ್ಲಿ
ಮೂಲೆ ಹಿಡಿದು ಸುಮ್ಮನೆ ಕೂತ ಬಾಡಿಗೆದಾರ ಅದು.
ಗಟ್ಟಿ ಔಷಧಿಗೆ ನೆರೆಮನೆಯವರೆಲ್ಲ ಓಡಿಹೋದರು,
ಕತ್ತಿನ ನಳಿಗೆಯೇ ಬಾಗಿಲಾಯಿತು.
ಎಷ್ಟು ಅರ್ಥವಾಯಿತೋ.
"ಹಾಗಾದ್ರೆ ಗೋಡೆಯದಲ್ಲ" ಎಂದು ಹೊರಟ.
ಬಾಗಿಲ ಹತ್ತಿರ ತಿರುಗಿ ನಿಂತು, "ಅಲ್ಲ ಅಲ್ವಾ?"

ತಟ್ಟೆಯಲ್ಲಿ ಕೆನೆಬಣ್ಣದ ಚುಕ್ಕಿಗಳೆದ್ದಿದ್ದವು.
ಒಂದನ್ನು ಮುಟ್ಟಿ, ಯಾರದೋ ಉಳಿದ ಸೀರಮ್ಮಿನಲ್ಲಿ ಕದಡಿ
ಮೂವತ್ತೇಳು ಡಿಗ್ರಿಯಲ್ಲಿಟ್ಟೆ. ಕಂಕುಳ ಬಿಸಿ.
ಮೂರು ಗಂಟೆ. ಮೊಳಕೆ ಬಂದರೆ ಒಂದು ಹೆಸರು,
ಬಾರದಿದ್ದರೆ ಬೇರೆ ಯಾವುದೋ.
ಕೆಲವಕ್ಕೆ ಮಾಮೂಲಿ ಮದ್ದು ನಾಟುವುದಿಲ್ಲ.

ವಾಸನೆ ಮಾತ್ರ ನಮ್ಮ ಅಡುಗೆಮನೆಯದೇ.
ನಾದಿನಿಯ ರೋಸಿಗೆಂದು ಅತ್ತೆ ಶೇಂದಿ ಹೊಯ್ದು
ಸಾನ್ನದ ಹಿಟ್ಟು ಉಬ್ಬಲು ಇಟ್ಟಿದ್ದಾರೆ.
ದೂರದ ದಾಯಾದಿಗಳು, ಅದೂ ಇದೂ.
"ಎಷ್ಟು ಬಂತು ನೋಡು ಬ್ರಿಜಿತ್" ಎಂದರು ಸಂಜೆ.
ಬಟ್ಟೆ ಎತ್ತದೆ, ಬಂದಿದೆ ಎಂದೆ.

ಮೊಳಕೆ ಬಂದಿತ್ತು.
ನೆಟ್ಟಗೆ, ಗಂಟಿಲ್ಲದೆ, ಬುಡದಲ್ಲಿ ಬಿಗಿಯದೆ.
ಕೆಟ್ಟವುಗಳಲ್ಲಿ ಮಾತು ಕೇಳುವಂಥದ್ದು ಎಂದು ಸಮಾಧಾನಪಟ್ಟು
ರಿಪೋರ್ಟಿಗೆ ಸಹಿ ಹಾಕಿದ್ದೆ.

ಎರಡನೇ ಬಾಟಲಿಯೂ ಕೂಗಿತು. ಮೂರನೆಯದೂ.
ನಾಲ್ಕನೆಯದು ಐದು ದಿನ ತುಂಬಿದರೂ ಬಾಯಿಬಿಡಲಿಲ್ಲ.
ಅದಕ್ಕೆ ನಾವು ಬರೆಯುವುದು: ಬೆಳವಣಿಗೆ ಇಲ್ಲ.
ಹೊರಗೆ ಒಂದು ಮಗುವಿನ ಬಗ್ಗೆ
ಯಾರೂ ಕೇಳಬಾರದ ಮಾತು.
ನಾನು ಅದನ್ನು ಎರಡು ಸಲ ಓದಿ ಕಳಿಸಿದೆ.

ಆಮೇಲೆ ಆ ಚೀಟಿ ಬರಲಿಲ್ಲ.
ಚೀಟಿ ನಿಲ್ಲುವುದಕ್ಕೆ ಎರಡು ಕಾರಣ ಇರುತ್ತವೆ.
ಪ್ರಫುಲ್ಲಳಿಗೆ ಗೊತ್ತಿದ್ದೀತು, ಫೋನ್ ಕೈಯಳತೆಯಲ್ಲೇ ಉಂಟು.

ಭಾನುವಾರ ಪೂಜೆ ಮುಗಿಸಿ ಧಕ್ಕೆಗೆ ಹೋದೆ.
ಬಂಗುಡೆ ಕೊಂಡೆ, ಬೇಕಾದ್ದಕ್ಕಿಂತ ಹೆಚ್ಚೇ.
ಐಸು ಒಡೆಯುವ ಶೆಡ್ಡಿನ ಮುಂದೆ ಚೀಲ ಹಿಡಿದು ನಿಂತೆ.
ಎಲ್ಲರೂ ಬಗ್ಗಿದ್ದರು.