ಸೊನ್ನೆ ಬಂದರೆ ಪಾಸು

ಡೆನ್ಮಾರ್ಕಿನ ಎಸ್‌ಬ್ಯೆರ್, ಸ್ಮಶಾನದ ಕಚೇರಿ,
ಕಿಟಕಿ ಪಕ್ಕದ ಮೇಜು ನನ್ನದು.
ಹೊರಗೆ ಕಡಲ ಗಾಳಿ, ಒಳಗೆ ಕಪ್ಪು ಪರದೆ,
ಅದರ ಮೇಲೆ ಒಂದೇ ಸಾಲಿನ ಆಜ್ಞೆ:
ಅವಧಿ ಮುಗಿದ ಸಮಾಧಿಗಳನ್ನು ತೆಗೆ.

ಎಂಟರ್ ಒತ್ತಿದರೆ ಕೇಳುತ್ತದೆ,
ಖಚಿತವೇ? ಹೌದು, ಇಲ್ಲ.
ಹೌದೆಂದರೆ ಪಟ್ಟಿ ಅಸ್ಗೇರನ ಕೈಗೆ,
ಅವನ ಕೈಯಿಂದ ಕಲ್ಲು ಯಂತ್ರಕ್ಕೆ,
ಜಲ್ಲಿಯಾಗಿ ಇದೇ ಸ್ಮಶಾನದ ಕಾಲುದಾರಿಗೆ.
ಇಪ್ಪತ್ತೈದು ವರ್ಷದ ಬಾಡಿಗೆ. ಮತ್ತೆ ಯಾರೂ ಕಟ್ಟದಿದ್ದರೆ
ಸತ್ತವರೂ ಮನೆ ಖಾಲಿ ಮಾಡಬೇಕು.

ಕಾಫಿ ಕುಡಿಯುತ್ತ ಅಸ್ಗೇರ್ ಹೇಳಿದ:
ಫೆಬ್ರವರಿ ಕೊನೆಗೆ ಒಂದು ಕಲ್ಲು ಒಡೆದೆ.
ಮಾರನೇ ದಿನ ಒಬ್ಬ ಹೆಂಗಸು ಬಂದಳು,
ಒಂದು ಕೈಲಿ ಹಣ, ಒಂದು ಕೈಲಿ ಹೂಕುಂಡ.
ಎಲ್ಲಿ, ಅಂದಳು.
ನಾನು ಅವಳ ಬೂಟಿನ ಕಡೆ ನೋಡಿದೆ.

ಅದಕ್ಕೇ ಈ ಪರೀಕ್ಷೆ.
ಮೊದಲು ಒಬ್ಬ ಸತ್ತವನನ್ನು ಹುಟ್ಟಿಸಬೇಕು.
ಹೆಸರು ಥೋರ್ಕಿಲ್ ನೀಬೋ. ಮರಣ ಎರಡು ಸಾವಿರದ ಇಸವಿ,
ಫೆಬ್ರವರಿ ಇಪ್ಪತ್ತೊಂಬತ್ತು.
ಕಸುಬಿನ ಖಾನೆ ಖಾಲಿ ಬಿಡಬಹುದಿತ್ತು,
ಆದರೂ ಬರೆದೆ: ಬಲೆ ಹೆಣೆಯುವವ.
ಆಮೇಲೆ ಗಡಿಯಾರ ಹಿಡಿದು ನಿಲ್ಲಿಸಿದೆ
ಇಪ್ಪತ್ತೈದು ವರ್ಷದಾಚೆ, ಫೆಬ್ರವರಿ ಇಪ್ಪತ್ತೆಂಟಕ್ಕೆ.
ಆ ವರ್ಷದಲ್ಲಿ ಇಪ್ಪತ್ತೊಂಬತ್ತು ಇಲ್ಲವೇ ಇಲ್ಲ.

ಆಜ್ಞೆ ಕೇಳಿತು, ಖಚಿತವೇ?
ಹೌದು ಎಂದು ಮೊದಲೇ ಬರೆದಿಟ್ಟಿದ್ದೆ.
ಎಣಿಸಿದೆ. ಒಬ್ಬ ಉಳಿದಿರಬೇಕಿತ್ತು.
ಯಾರೂ ಇಲ್ಲ.
ಕೆಂಪು.
ಕೆಂಪು ಕಂಡಾಗೆಲ್ಲ ಹಣೆ ಚಚ್ಚಿಕೊಳ್ಳುವವಳು
ಇವತ್ತು ಕುರ್ಚಿಗೆ ಒರಗಿ ಉಸಿರು ಬಿಟ್ಟೆ:
ಸಿಕ್ಕಿಬಿತ್ತು ಕಳ್ಳ ದಿನ.

ತಿದ್ದಿದ್ದು ಒಂದೇ ಸಾಲು.
ಮತ್ತೆ ಓಡಿಸಿದೆ. ಥೋರ್ಕಿಲ್ ಅಲ್ಲೇ ಇದ್ದ,
ಆಜ್ಞೆ ಸೊನ್ನೆ ಹೇಳಿ ಸುಮ್ಮನಾಯಿತು.
ಹೆಗಲ ಮೇಲಿಂದ ಇಣುಕಿದ ಅಸ್ಗೇರ್:
ಸೊನ್ನೆಯಾ? ಫೇಲಾಯಿತಾ?
ಇಲ್ಲ ಮಾರಾಯ, ಇಲ್ಲಿ ಸೊನ್ನೆ ಬಂದರೆ ಪಾಸು.

ಈಗ ದಿನಾ ರಾತ್ರಿ ಎರಡಕ್ಕೆ, ಯಾರೂ ಇಲ್ಲದಾಗ,
ಥೋರ್ಕಿಲ್ ಹುಟ್ಟುತ್ತಾನೆ, ಸಾಯುತ್ತಾನೆ, ಮಣ್ಣಿಗಿಳಿಯುತ್ತಾನೆ,
ಇಪ್ಪತ್ತೈದು ವರ್ಷ ಮಲಗುತ್ತಾನೆ,
ಕೊನೆಯ ದಿನವನ್ನೂ ಪೂರ್ತಿ ಮಲಗುತ್ತಾನೆ.
ಅರ್ಧ ಸೆಕೆಂಡು. ಒಂದು ಹಸಿರು ಚುಕ್ಕೆ.
ಪರೀಕ್ಷೆ ಮುಗಿದೊಡನೆ ಅದರ ದಾಖಲೆಯೆಲ್ಲ ಅಳಿಸಿಹೋಗುತ್ತದೆ,
ಅವನೂ, ಅವನ ಬಲೆಯೂ.

ಆ ಹೆಂಗಸಿನ ಹೆಸರು ಅಸ್ಗೇರ್ ಕೇಳಲಿಲ್ಲವಂತೆ.
ಹೂಕುಂಡವನ್ನು ಜಲ್ಲಿಯ ಮೇಲೆ,
ದಾರಿಯ ನಟ್ಟನಡುವೆಯೇ ಇಟ್ಟು ಹೋದಳಂತೆ.
ಗುಡಿಸುವಾಗ ಅವನು
ಅದನ್ನು ಬಳಸಿಕೊಂಡು ಹೋಗುತ್ತಾನೆ.