ಹಳೇ ಸೈಕಲ್ ಕೊಡುವಾಗ

ತಗೋ ಸಂಗನಬಸು, ಎರಡೂವರೆ ಸಾವಿರ, ಅಡ್ಡಿಲ್ಲ.
ನೂರು ಕಡಿಮೆ ಕೊಡು, ಬೆಲ್ಲು ಸದ್ದು ಮಾಡುವುದಿಲ್ಲ.
ಮನೆಯಲ್ಲಿ ಮೂರಿವೆ, ಒಂದಾದರೂ ಹೊರಗೆ ಹೋಗಲಿ ಅಂತ
ಇವಳು ಚೌತಿಯಿಂದ ಹೇಳುತ್ತಿದ್ದಾಳೆ;
ಯಾವುದು ಅಂತ ಆರಿಸುವಷ್ಟರಲ್ಲಿ ದೀಪಾವಳಿ ದಾಟಿತು.

ನೀನು ರೋಣದ ಕಡೆಯವನು. ನಿಮ್ಮಲ್ಲಿ ಧೂಳು,
ಕೊಡವಿದರೆ ಹೋಗುತ್ತದೆ.
ಇಲ್ಲಿ ಗಾಳಿಯೇ ಕಚ್ಚುತ್ತದೆ.
ಕೋಡಿಬಾಗದಲ್ಲಿ ಒಂದು ರಾತ್ರಿ ಹೊರಗೆ ನಿಲ್ಲಿಸು,
ಬೆಳಿಗ್ಗೆ ಕಡ್ಡಿಗಳ ತುದಿಗೆ ಅರಿಶಿನ ಹಚ್ಚಿದ ಹಾಗಿರುತ್ತದೆ.
ಮರಳಿನ ಮೇಲೆ ಓಡಿಸಬೇಡ ಅಂದರೆ ಕೇಳುವ ವಯಸ್ಸಲ್ಲ ನಿನ್ನದು,
ಓಡಿಸು. ಬಂದ ಮೇಲೆ ಬಾವಿ ನೀರು ಎರಡು ಕೊಡ,
ಆಮೇಲೆ ಹಳೇ ಬನಿಯನ್.
ಚೈನಿಗೆ ಕೊಬ್ಬರಿ ಎಣ್ಣೆ ಬೇಡ, ಇರುವೆಗೆ ಹಬ್ಬ.
ಹೊಲಿಗೆ ಮಷೀನಿನ ಎಣ್ಣೆ, ಕೊಂಡಿಗೊಂದು ಹನಿ,
ಹತ್ತು ನಿಮಿಷ ಬಿಟ್ಟು ಒರೆಸಿಬಿಡು.
ಒರೆಸಿದ ಮೇಲೆ ಉಳಿದದ್ದು ಎಣ್ಣೆ,
ಮಿಕ್ಕಿದ್ದು ಮರಳಿಗೆ ಕೊಟ್ಟ ಕರೆಯೋಲೆ.

ಬಿಚ್ಚುವಾಗ ನಟ್ಟುಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ
ಬಿಚ್ಚಿದ ಸಾಲಿನಲ್ಲೇ ಇಡುತ್ತ ಹೋಗು.
ತಟ್ಟೆ ಮಾತ್ರ ನಿನ್ನದೇ ಕೊಂಡುಕೋ.
ನಮ್ಮ ಮನೆಯ ನಾಲ್ಕನೇ ತಟ್ಟೆ
ಹನ್ನೆರಡು ವರ್ಷದಿಂದ ಶೆಡ್ಡಿನಲ್ಲಿದೆ,
ನೆಂಟರು ಬಂದಾಗಲೆಲ್ಲ ಅದರ ಮಾತು ಬರುತ್ತದೆ.

ರಿಪೇರಿ ಮುಗಿದು ಒಂದು ವಾಷರು ಉಳಿದರೆ
ರಾತ್ರಿ ನಿದ್ದೆ ಬರುವುದಿಲ್ಲ, ಬರಬಾರದು.
ನಾನು ಮಿಕ್ಸರ್ ಬಿಚ್ಚಿದ ದಿನ ಉಳಿದ ಸ್ಪ್ರಿಂಗು
ಇನ್ನೂ ಕಿಟಕಿಯ ಮೇಲಿದೆ; ಮಿಕ್ಸರು ಓಡುತ್ತಲೇ ಇದೆ.
ಇದರ ಅರ್ಥ ನನಗೂ ಹೇಳಲು ಬರುವುದಿಲ್ಲ.

ಎಡ ಪೆಡಲಿನ ಥ್ರೆಡ್ಡು ಉಲ್ಟಾ, ನೆನಪಿಡು.
ಜಾಮ್ ಆಗಿದೆ ಅಂತ ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗಿದ್ದೆ ನಾನು,
ಬಿಚ್ಚುತ್ತಿದ್ದೇನೆ ಅಂದುಕೊಂಡು
ಇಡೀ ಮಧ್ಯಾಹ್ನ ಬಿಗಿಯುತ್ತಲೇ ಇದ್ದೆ.
ಪಕ್ಕದಲ್ಲಿ ಕೂತ ಗುರುದಾಸ ಮಾಂಜ್ರೇಕರ ಹೇಳಿದ,
ಆ ಕಡೆ ಅಲ್ಲವೋ.
ನಿನಗೇನು ಗೊತ್ತು ಅಂದೆ. ಇನ್ನೂ ಏನೋ ಅಂದೆ.
ಬೈತಖೋಲದಲ್ಲಿ ಬೋಟಿನ ಇಂಜಿನು ಬಿಚ್ಚಿ ಕಟ್ಟುವವನು,
ಗೊತ್ತಿಲ್ಲದೆ ಇರುತ್ತದೆಯೇ?
ಥ್ರೆಡ್ಡು ಹೋಯಿತು.
ಈಗ ಎದುರಿಗೆ ಸಿಕ್ಕರೆ ಇಬ್ಬರೂ
ನಮ್ಮ ನಮ್ಮ ಬ್ರೇಕು ನೋಡಿಕೊಳ್ಳುತ್ತೇವೆ.

ಇರಲಿ. ಪಂಕ್ಚರ್.
ಟ್ಯೂಬನ್ನು ಬಕೇಟಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕು.
ಒಂದು ಸಿಕ್ಕಿತು ಅಂತ ನಿಲ್ಲಿಸಬೇಡ, ಪೂರ್ತಿ ಸುತ್ತು ಹಾಕು.
ಟಾಯರಿನ ಒಳಗೆ ಬೆರಳಾಡಿಸು, ನಿಧಾನ,
ಕಾಳಿಯ ಬೆಳಚಿನ ಚಿಪ್ಪು ಬ್ಲೇಡಿಗಿಂತ ಹರಿತ.
ಸೊಲ್ಯೂಷನ್ ಹಚ್ಚಿ ಕಾಯಬೇಕು;
ಬೆರಳಿಗೆ ಅಂಟದಷ್ಟು ಒಣಗಿದ ಮೇಲೆಯೇ ಅದು ಹಿಡಿಯುವುದು.
ನಾನು ಅಷ್ಟರಲ್ಲಿ ಒಂದು ಚಹಾ ಕುಡಿಯುತ್ತೇನೆ.
ನೀವು ಬ್ಯಾಂಕಿನವರು, ಮೊಬೈಲು ನೋಡುತ್ತೀರಿ.

ಬಿಣಗಾ ಏರಿನಲ್ಲಿ ಇಳಿದು ತಳ್ಳು, ನಾಚಿಕೆಯೇನಿಲ್ಲ.
ನಲವತ್ತರವರೆಗೆ ನಾನೂ ಇಳಿಯುತ್ತಿರಲಿಲ್ಲ,
ಹಲ್ಲು ಕಚ್ಚಿ ತುಳಿಯುತ್ತಿದ್ದೆ,
ಮುಂದಿನ ಚಕ್ರ ಬಿಟ್ಟರೆ ಏನೂ ಕಂಡಿದ್ದಿಲ್ಲ.
ಮೊಣಕಾಲು ಕೈಕೊಟ್ಟ ಮೇಲೆ ಗೊತ್ತಾಯಿತು
ಆ ತಿರುವಿನಲ್ಲಿ ಒಂದು ಮುರುಗಲ ಮರ ಇದೆ,
ಅದರ ಸಂದಿಯಲ್ಲಿ ಸಮುದ್ರ.
ಇಳಿಯುವಾಗ ಹಿಂದಿನ ಬ್ರೇಕು ಮೊದಲು.
ಮಧ್ಯಾಹ್ನದ ಗಾಳಿ ಯಾವಾಗಲೂ ಎದುರು,
ಹೋಗುವಾಗಲೂ, ಬರುವಾಗಲೂ; ಅದಕ್ಕೆ ಔಷಧ ಇಲ್ಲ.

ಪಂಪು ಕೊಟ್ಟಿದ್ದೇನೆ. ಹಳೇ ಟ್ಯೂಬಿನ ಪಟ್ಟಿಗಳಿವೆ,
ಎಸೆಯಬೇಡ, ಬಡಿದುಕೊಳ್ಳುವ ಬಾಗಿಲಿಗೂ ಆಗುತ್ತದೆ,
ಸೋರುವ ನಲ್ಲಿಗೂ.
ಹದಿನೈದು ನಂಬರಿನ ಪಾನಾ ಮಾತ್ರ ಕೇಳಬೇಡ.
ಅದು ನನ್ನದಲ್ಲ, ಗುರುದಾಸನದು.
ವಾಪಸು ಕೊಡುವುದಿದೆ.
ಪೆಡಲು ಸಡಿಲಾದರೆ ಬೈತಖೋಲಕ್ಕೇ ಹೋಗಿ ಬಿಗಿಸಿಕೊಂಡು ಬಾ.
ಸೈಕಲ್ ನೋಡಿದರೆ ಅವನಿಗೆ ಗೊತ್ತಾಗುತ್ತದೆ.
ಏನಾದರೂ ಅಂದರೆ ಬಂದು ಹೇಳು.
ಏನೂ ಅನ್ನದಿದ್ದರೂ.